ದಿಬ್ಬ ಹುಡುಕಿ ಲಾರಿ ಹತ್ತಿಸುವವರು

ಗಂಗಾವತಿ, ಸಿಂಧನೂರು ರಸ್ತೆಗಳಲ್ಲಿ ನವೆಂಬರ್ ಹೊತ್ತಿಗೆ ಭತ್ತ ಕೊಯ್ಯುವ ಮಷಿನ್‌ಗಳು ಲಾರಿಯೇರಿ ಬರತೊಡಗುತ್ತವೆ. ಊರವರ ಕಣ್ಣೆಲ್ಲ ಮಷಿನ್ ಮೇಲೆ. ಅದನ್ನು ಹತ್ತಿಸಿ ಇಳಿಸುವವರ ಕೈಚಳಕ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ.

ಕಾರಟಗಿ ಸೀಮೆಯ ಹಿರಿಯ ಲಾರಿ ಚಾಲಕರೊಬ್ಬರಿಗೆ ಹಲಗೆ ಇಳಿಬಿಟ್ಟು ಮಷಿನ್ ಹತ್ತಿಸುವುದು ಸೇರದು. ಕಾಲುವೆ ದಂಡೆಯಲ್ಲೋ ರಸ್ತೆ ಪಕ್ಕದಲ್ಲೋ ಹೆಚ್ಚುಕಡಿಮೆ ಲಾರಿ ತಳದ ಎತ್ತರದ ದಿಬ್ಬ ಹುಡುಕುತ್ತಾರೆ. ಹಿಂಬಾಗಿಲು ತೆರೆದು ಲಾರಿಯನ್ನು ದಿಬ್ಬಕ್ಕೆ ತಾಗಿಸಿ, ಗಾಲಿಗಳಿಗೆ ಕಲ್ಲು ಕೊಟ್ಟ ಮೇಲೆ, ಟಯರಿನ ಬದಲು ರಬ್ಬರ್ ಪಟ್ಟಿಯ ಮೇಲೆ ಓಡುವ ಚೈನ್ ಮಷಿನ್ ತೆವಳುತ್ತ ಒಳಗೆ ಬರುತ್ತದೆ. ಗಂಡಾಂತರ ಇರುವುದು ಆ ಒಂದು ಗಳಿಗೆಯಲ್ಲೇ. ಸುಮಾರು ಮೂರು ಟನ್ ಭಾರ ಬಿದ್ದೊಡನೆ ಲಾರಿಯ ಹಿಂದಿನ ಪಾಟಾ ಸ್ಪ್ರಿಂಗ್ ಕುಸಿಯುತ್ತದೆ, ಸಮನಾಗಿದ್ದ ಮಟ್ಟ ತಪ್ಪುತ್ತದೆ. ಅದಕ್ಕೇ ಅವರು ಆರಿಸುವ ದಿಬ್ಬ ಯಾವತ್ತೂ ಒಂದು ಗೇಣು ತಗ್ಗು. ಇಂಜಿನ್ ಗದ್ದಲದಲ್ಲಿ ಕೂಗಿದರೆ ಕೇಳಿಸದು, ಎಲ್ಲವೂ ಕೈಸನ್ನೆ. ಹಳೇ ಮಷಿನ್‌ಗಳ ಬ್ರೇಕನ್ನು ಅವರು ನಂಬುವುದೇ ಇಲ್ಲ. ಚೈನಿನ ಹಿಂದೆ ಮುಂದೆ ಮರದ ತುಂಡು ಜಡಿದು, ಸರಪಳಿ ಬಿಗಿದು, ತಾವೇ ಒಮ್ಮೆ ಎಳೆದು ನೋಡುತ್ತಾರೆ. ಇಳಿಸುವಾಗ ಮಷಿನ್ ಹಿಮ್ಮುಖವಾಗಿ ಬರಬೇಕು. ಆಗ ಅವರು ಯಾರೊಡನೆಯೂ ಮಾತಾಡುವುದಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಕಾಲುವೆ ಬಂದು, ವಲಸೆ ಬಂದ ರೈತರ ಕ್ಯಾಂಪುಗಳು ಹುಟ್ಟಿ ಈ ಸೀಮೆ ಭತ್ತದ ಕಣಜವಾಯಿತು. ಕುಡುಗೋಲಿನ ಜಾಗಕ್ಕೆ ಮಷಿನ್ ಬಂದದ್ದು ಎಷ್ಟೋ ವರ್ಷಗಳ ನಂತರ. ಪಂಜಾಬ್ ಟ್ರ್ಯಾಕ್ಟರ್ಸ್ 1980ರಲ್ಲಿ ಸ್ವರಾಜ್ 8100 ಕಟಾವು ಯಂತ್ರ ತಂದಿತು. ಪಟಿಯಾಲ ಜಿಲ್ಲೆಯ ನಾಭಾ, ಭಾದ್ಸೋಂ ಊರುಗಳು ಈ ಯಂತ್ರಗಳ ತವರಾದವು. ಟಯರ್ ಮಷಿನ್ ತಾನೇ ರಸ್ತೆಯಲ್ಲಿ ಓಡೀತು, ಆದರೆ ಅದರ ಕಟರ್ 14 ಅಡಿ ಅಗಲ, ಅಂದರೆ ನಾಲ್ಕು ಮೀಟರಿಗೂ ಮೇಲೆ. ವಾಹನಕ್ಕೆ ನಿಯಮ ಕೊಡುವ ಸಾಮಾನ್ಯ ಅಗಲ 2.6 ಮೀಟರ್. ಹಾಗಾಗಿ ಕಟರ್ ಕಳಚಿ, ಟ್ರಾಲಿಯ ಮೇಲೆ ಉದ್ದುದ್ದಕ್ಕೆ ಮಲಗಿಸಿ ಹಿಂದೆ ಎಳೆಯುತ್ತಾರೆ. ಚೈನ್ ಮಷಿನ್‌ಗೆ ತಾನೇ ಓಡುವ ಭಾಗ್ಯವೂ ಇಲ್ಲ. ಡಾಂಬರಿನ ಮೇಲೆ ಓಡಿಸಿದರೆ ರಬ್ಬರ್ ಪಟ್ಟಿ ಸವೆದೇ ಹೋಗುತ್ತದೆ.

2020ರ ಲಾಕ್‌ಡೌನಿನಲ್ಲಿ ದೇಶವೇ ನಿಂತಾಗ, ಮಾರ್ಚ್ 27ರ ಕೇಂದ್ರದ ಆದೇಶ ಕಟಾವು ಯಂತ್ರಗಳಿಗೆ ರಾಜ್ಯಗಳ ಗಡಿ ದಾಟಲು ಬಿಟ್ಟಿತು. ಅಷ್ಟು ಬೇಕಾದ ಸಾಗಣೆಗೆ ಹೋಬಳಿಗೊಂದು ಕಲ್ಲಿನ ಕಟ್ಟೆ ಕಟ್ಟಿಸಿಕೊಡಲು ಏನು ಕಷ್ಟವೋ! ಲಾರಿ ತಳದ ಎತ್ತರದ ಕಟ್ಟೆಯೊಂದಿದ್ದರೆ ದಂಡೆಗಳೂ ಕುಸಿಯವು, ಜೀವಗಳೂ ಉಳಿದಾವು.

2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ರೈತರಷ್ಟೇ ಕಂಗಾಲಾದವರು ಈ ಲಾರಿಯವರು. ಎರಡನೇ ಬೆಳೆಗೆ ನೀರಿಲ್ಲವೆಂದರೆ ಬೇಸಿಗೆಯ ಬಾಡಿಗೆಯೂ ಇಲ್ಲ. ಅಂಥ ಬೇಸಿಗೆಯಲ್ಲಿ, ಬಿಡಿಭಾಗ ಸಿಗದೆ ಇಲ್ಲೇ ಉಳಿದ ಹಳೇ ಮಷಿನ್‌ಗಳು ಗುಜರಿಗೆ ಹೊರಡುತ್ತವೆ. ಅವನ್ನು ಹತ್ತಿಸಲು ಮಾತ್ರ ಆ ಹಿರಿಯರನ್ನು ಯಾರೂ ಕರೆಯುವುದಿಲ್ಲ; ಕ್ರೇನ್ ಬರುತ್ತದೆ.