ಚಾವಡಿಯ ಮೂಲೆಯಲ್ಲಿ ಕೂತವರಿಗೂ ಕಾಣುವ ಟಿವಿ

ಕೊಟ್ಟಾರದ ಓದುಗರೊಬ್ಬರು ಕೇಳಿದ್ದಾರೆ: "ಮೇ ತಿಂಗಳ ಮೊದಲ ಮಳೆಗೆ ನಮ್ಮ ಹಳೆಯ ಟಿವಿ ಸತ್ತುಹೋಯಿತು. ಅಂಗಡಿಗೆ ಹೋದರೆ ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ, ಮಿನಿ ಎಲ್‌ಇಡಿ ಅಂತ ತಲೆ ತಿನ್ನುತ್ತಾರೆ. ಅಪ್ಪನಿಗೆ ಯಕ್ಷಗಾನ, ಮಗನಿಗೆ ಕ್ರಿಕೆಟ್, ನನಗೆ ನ್ಯೂಸ್. ಯಾವುದು ತೆಗೊಳ್ಳುವುದು ಮಾರಾಯ್ರೆ?"

ಒಂದು ಕಾಲದಲ್ಲಿ ಮಂಗಳೂರಿನ ಎಷ್ಟೋ ಮನೆಗಳಿಗೆ ಈ ತಲೆಬಿಸಿ ಇರಲೇ ಇಲ್ಲ. ದುಬೈಯಿಂದ ಬಾವ ಏನು ತಂದರೋ ಅದೇ ಟಿವಿ. ಬಜ್ಪೆಯಲ್ಲಿ ವಿಮಾನ ಇಳಿದರೆ ಸೂಟ್‌ಕೇಸುಗಳ ನಡುವೆ ಹಗ್ಗ ಬಿಗಿದ ಚಪ್ಪಟೆ ರಟ್ಟಿನ ಪೆಟ್ಟಿಗೆಗಳೂ ಬೆಲ್ಟಿನ ಮೇಲೆ ಮೆರವಣಿಗೆ ಬರುತ್ತಿದ್ದವು. 2013ರ ಆಗಸ್ಟ್ 26ರಿಂದ ಸರ್ಕಾರ ಚಪ್ಪಟೆ ಟಿವಿಗೆ ಸುಂಕದ ರಿಯಾಯಿತಿ ಇಲ್ಲ ಎಂದಿತು. ಬಾವಂದಿರು ಬರೀ ಖರ್ಜೂರ, ಬಾದಾಮಿ ತರತೊಡಗಿದರು. ಟಿವಿ ಆರಿಸುವ ಹೊರೆ ನಮ್ಮ ತಲೆಗೇ ಬಂತು.

ಮೊದಲು ಒಂದು ಸಿಟ್ಟು ತೀರಿಸಿಕೊಳ್ಳುತ್ತೇನೆ. "ಎಲ್‌ಇಡಿ ಟಿವಿ" ಎಂದು ನಾವು ಕರೆಯುವ ವಸ್ತುವಿನ ಪರದೆಯಲ್ಲಿ ಎಲ್‌ಇಡಿ ಇಲ್ಲ! ಪರದೆ ಹಳೆಯ ಎಲ್‌ಸಿಡಿಯೇ. ಅದರ ಬೆನ್ನಿಗೆ ಮೊದಲು ಸಪೂರ ಟ್ಯೂಬ್‌ಲೈಟ್ ಇರುತ್ತಿತ್ತು. 2009ರ ಸುಮಾರಿಗೆ ಅದನ್ನು ತೆಗೆದು ಎಲ್‌ಇಡಿ ದೀಪ ಇಟ್ಟರು, ಪೆಟ್ಟಿಗೆಯ ಮೇಲಿನ ಹೆಸರನ್ನೇ ಬದಲಿಸಿಬಿಟ್ಟರು. ಅಡುಗೆಮನೆಯ ಬಲ್ಬು ಬದಲಿಸಿದ ಮಾತ್ರಕ್ಕೆ ಮನೆಗೆ ಹೊಸ ಹೆಸರಿಡುತ್ತೇವೆಯೇ? ಕ್ಯೂಎಲ್‌ಇಡಿಯೂ ಇದೇ ಜಾತಿ. ದೀಪಕ್ಕೂ ಪರದೆಗೂ ನಡುವೆ ಕ್ವಾಂಟಮ್ ಚುಕ್ಕೆಗಳ ಒಂದು ಹಾಳೆ ಇರುತ್ತದೆ. ಕೆಲವೇ ನ್ಯಾನೋಮೀಟರ್ ಗಾತ್ರದ ಈ ಕಣಗಳು ನೀಲಿ ಬೆಳಕನ್ನು ನುಂಗಿ, ಸಣ್ಣವು ಹಸಿರನ್ನೂ ದೊಡ್ಡವು ಕೆಂಪನ್ನೂ ಉಗುಳುತ್ತವೆ. ಬಣ್ಣ ಅಚ್ಚುಕಟ್ಟಾಗುವುದು ನಿಜ, 2023ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದೂ ಈ ಚುಕ್ಕೆಗಳಿಗೇ. ಮಿನಿ ಎಲ್‌ಇಡಿ ಎಂದರೆ ಬೆನ್ನಿನ ದೀಪಗಳನ್ನು ಚಿಕ್ಕದು ಮಾಡಿ, ಸಾವಿರಗಟ್ಟಲೆ ಜೋಡಿಸಿ, ಬೇಕಾದ ಕಡೆ ಮಾತ್ರ ಮಂದ ಮಾಡುವ ಉಪಾಯ. ಈ ಗುಂಪಿನಲ್ಲಿ ನಿಜಕ್ಕೂ ಬೇರೆ ಕುಲದ್ದು ಓಎಲ್‌ಇಡಿ ಒಂದೇ. ಅಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ, ಬೇಡವಾದರೆ ತಾನೇ ಆರುತ್ತದೆ.

ಹಾಗಾದರೆ ಎಲ್‌ಸಿಡಿ ಏನು ಮಾಡುತ್ತದೆ? ಬೆಳಕನ್ನು ತಡೆಯುತ್ತದೆ. ಟಿವಿ ಬೆಳಕು ಕೊಡುವ ಯಂತ್ರವೆಂದು ನಾವು ತಿಳಿದಿದ್ದೇವೆ, ಆದರೆ ಎಲ್‌ಸಿಡಿ ಪರದೆಯ ಇಡೀ ಕಸುಬು ಕತ್ತಲೆ ತಯಾರಿಸುವುದು. ಹಿಂದಿನ ದೀಪ ಸಾಮಾನ್ಯವಾಗಿ ಉರಿಯುತ್ತಲೇ ಇರುತ್ತದೆ. ಮೊದಲ ಪೋಲರಾಯ್ಡ್ ಹಾಳೆ ಅದರಲ್ಲಿ ಅರ್ಧ ಬೆಳಕನ್ನು ನುಂಗುತ್ತದೆ. ಕೆಂಪು, ಹಸಿರು, ನೀಲಿ ಶೋಧಕಗಳು ಉಳಿದದ್ದರಲ್ಲಿ ಮೂರನೇ ಎರಡು ಪಾಲನ್ನು ತಿನ್ನುತ್ತವೆ. ಅಲ್ಲಲ್ಲಿ ಸೋರಿಹೋದದ್ದು ಕಳೆದರೆ, ದೀಪದ ಬೆಳಕಿನ ಹತ್ತನೇ ಒಂದು ಪಾಲೂ ನಿಮ್ಮ ಕಣ್ಣಿಗೆ ಬರುವುದಿಲ್ಲ.

ಪೋಲರಾಯ್ಡ್ ಹಾಳೆ ಬೆಳಕನ್ನು ತಡೆಯುವುದನ್ನು ನೀವೇ ನೋಡಬಹುದು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ದಿನಸಿ ಅಂಗಡಿಯವನ ಕ್ಯಾಲ್ಕುಲೇಟರನ್ನು ಮೆಲ್ಲಗೆ ತಿರುಗಿಸಿ. ಒಂದು ಕೋನದಲ್ಲಿ ಇಡೀ ಪರದೆ ಕಪ್ಪಾಗಿ ಅಂಕಿಗಳು ಮಾಯವಾಗುತ್ತವೆ. ನಾನು ಇದನ್ನು ಕದ್ರಿಯ ಅಂಗಡಿಯೊಂದರಲ್ಲಿ ಮಾಡಿದಾಗ ಅಂಗಡಿಯವರು ತಮ್ಮ ಕ್ಯಾಲ್ಕುಲೇಟರ್ ಹಾಳಾಯಿತೆಂದು ಕಿತ್ತುಕೊಂಡರು!

ಆ ತಡೆಯುವ ಕೆಲಸ ಮಾಡುವುದು ದ್ರವ ಸ್ಫಟಿಕ. 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದ. ಅದು 145.5 ಡಿಗ್ರಿಯಲ್ಲಿ ಕರಗಿ ಮಸುಕು ದ್ರವವಾಯಿತು, 178.5 ಡಿಗ್ರಿಯಲ್ಲಿ ಇನ್ನೊಮ್ಮೆ "ಕರಗಿ" ತಿಳಿಯಾಯಿತು. ಒಂದು ವಸ್ತುವಿಗೆ ಎರಡು ಕರಗುಬಿಂದು! ನಡುವಿನ ಆ ಸ್ಥಿತಿಯಲ್ಲಿ ಅದು ನೀರಿನಂತೆ ಹರಿಯುತ್ತದೆ, ಆದರೆ ಅಣುಗಳು ಸ್ಫಟಿಕದ ಹಾಗೆ ಶಿಸ್ತಿನಲ್ಲಿರುತ್ತವೆ. ನಮ್ಮ ಹಿಡಿಸೂಡಿಯ ಕಡ್ಡಿಗಳನ್ನು ನೆನೆಯಿರಿ. ಕಟ್ಟು ಸಡಿಲವಾದರೆ ಕಡ್ಡಿಗಳು ಜಾರಾಡುತ್ತವೆ, ಆದರೂ ಎಲ್ಲವೂ ಒಂದೇ ಕಡೆಗೆ ಮುಖ. ದ್ರವ ಸ್ಫಟಿಕದ ಅಣುಗಳೂ ಇಂಥ ಕಡ್ಡಿಗಳೇ. ವಿದ್ಯುತ್ತು ಕೊಟ್ಟರೆ ಹೊರಳುತ್ತವೆ, ಹೊರಳಿದಂತೆ ಬೆಳಕಿಗೆ ದಾರಿ ಬಿಡುತ್ತವೆ ಇಲ್ಲವೇ ಮುಚ್ಚುತ್ತವೆ.

ಆದರೆ ಹಿಡಿಸೂಡಿಯನ್ನು ತುದಿಯಿಂದ ನೋಡಿದರೆ ಬರೀ ಚುಕ್ಕೆಗಳು, ಬದಿಯಿಂದ ನೋಡಿದರೆ ಉದ್ದ ಗೆರೆಗಳು. ಬೆಳಕಿಗೂ ಹಾಗೆಯೇ. ಎದುರು ಕೂತವನಿಗೆ ಕಪ್ಪಾಗಿ ಕಂಡದ್ದು ಓರೆಯಲ್ಲಿ ಕೂತವನಿಗೆ ಬೂದು. ಹಳೆಯ ಲ್ಯಾಪ್‌ಟಾಪನ್ನು ಸ್ವಲ್ಪ ವಾಲಿಸಿದರೆ ಬಣ್ಣ ತಲೆಕೆಳಗಾಗುತ್ತಿತ್ತಲ್ಲ, ಕಾರಣ ಇದೇ.

ಇಲ್ಲಿಗೆ ನಮ್ಮ ರಾಜ್ಯ ಪ್ರವೇಶಿಸುತ್ತದೆ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಚಂದ್ರಶೇಖರ್ ಬೇರೆ) 1961ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿದವರು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ದ್ರವ ಸ್ಫಟಿಕವೆಂದರೆ ಕಡ್ಡಿ ಆಕಾರದ ಅಣುಗಳದ್ದೇ ಎಂದು ಆಗ ಜಗತ್ತು ನಂಬಿತ್ತು. ಬಿಲ್ಲೆಯ ಆಕಾರದ ಅಣುಗಳೂ ಹೀಗೆ ವರ್ತಿಸಬೇಕಲ್ಲವೇ ಎಂದು ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಹುಡುಕಿದರು, ಸಿಕ್ಕಿಯೇ ಬಿಟ್ಟಿತು. 1977ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ 'ಪ್ರಮಾಣ' ಪತ್ರಿಕೆಯಲ್ಲೇ ಪ್ರಕಟಿಸಿದರು. ಹಲಸಿನ ಹಪ್ಪಳ ಒಣಗಿಸಿ ಒಂದರ ಮೇಲೊಂದು ಅಟ್ಟಿ ಇಟ್ಟಂತೆ ಈ ಅಣುಗಳು ಕಂಬಕಂಬವಾಗಿ ಪೇರಿಕೊಳ್ಳುತ್ತವೆ. ಬಿಲ್ಲೆ ಬೆಳಕಿಗೆ ಮಾಡುವ ಪರಿಣಾಮ ಕಡ್ಡಿ ಮಾಡುವುದರ ತದ್ವಿರುದ್ಧ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಬಿಲ್ಲೆ ಅಣುಗಳ ತೆಳು ಪೊರೆ ಮಾಡಿ ಪರದೆಗೆ ಅಂಟಿಸಿತು. ಕಡ್ಡಿ ಮಾಡಿದ ತಪ್ಪನ್ನು ಹಪ್ಪಳ ತಿದ್ದಿತು! ಓರೆ ನೋಟದ ಕಾಟ ಕಂಪ್ಯೂಟರ್ ಮಾನಿಟರುಗಳಲ್ಲಿ ಎಷ್ಟೋ ಇಳಿಯಿತು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕಗಳಿಗೆಂದೇ ಒಂದು ಕೇಂದ್ರ ತೆರೆದರು. ಅವರ ಹೆಸರನ್ನು ಟಿವಿ ಅಂಗಡಿಯ ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ. ಕ್ರಿಕೆಟಿಗರ ಫೋಟೋ ಧಾರಾಳ ಇದೆ.

ಟಿವಿಗಳು ಓರೆ ನೋಟಕ್ಕೆ ಬೇರೆ ದಾರಿ ಹಿಡಿದವು, ನಿಮ್ಮ ಆಯ್ಕೆ ನಿಂತಿರುವುದೂ ಅಲ್ಲೇ. ಐಪಿಎಸ್ ಎಂಬ ಪರದೆಯಲ್ಲಿ ಕಡ್ಡಿಗಳು ಗಾಜಿಗೆ ಸಮಾನಾಂತರವಾಗಿಯೇ ತಿರುಗುತ್ತವೆ. ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಆದರೆ ಕಪ್ಪು ಪೂರ್ತಿ ಕಪ್ಪಲ್ಲ. ವಿಎ ಎಂಬುದರಲ್ಲಿ ಕಡ್ಡಿಗಳು ನೆಟ್ಟಗೆ ನಿಲ್ಲುತ್ತವೆ. ಕಪ್ಪು ಗಟ್ಟಿ, ಬದಿಯ ನೋಟ ಸಪ್ಪೆ. ಪೆಟ್ಟಿಗೆಯ ಮೇಲೆ ಇದನ್ನು ಬರೆಯುವುದು ಅಪರೂಪ.

ಹಾಗಾಗಿ ನಾನು ಮಾಡಿದ್ದು ಹೇಳುತ್ತೇನೆ. ಹಂಪನಕಟ್ಟೆಯ ಅಂಗಡಿಯೊಂದಕ್ಕೆ ಪೆನ್‌ಡ್ರೈವ್‌ನಲ್ಲಿ ಯಕ್ಷಗಾನ ತುಂಬಿಕೊಂಡು ಹೋದೆ. ಅಲ್ಲಿ ಓಡುತ್ತಿದ್ದದ್ದು ಹೂವು, ಗಿಳಿ, ಬಣ್ಣದ ಮೀನು. ಅದರಲ್ಲಿ ಕೆಟ್ಟ ಟಿವಿಯೂ ಚಂದ. "ಇದನ್ನು ಹಾಕು" ಎಂದೆ.

"ಸಾರ್, ಡೆಮೋ ನೋಡಿ ಸಾಕಲ್ಲ?"

"ನಮ್ಮ ಮನೆಯಲ್ಲಿ ಗಿಳಿ ನೋಡುವವರು ಯಾರೂ ಇಲ್ಲ."

ಹುಡುಗ ನಕ್ಕು ಹಾಕಿದ. ಅಂಗಡಿಗೆಂದೇ ಕಣ್ಣು ಕೋರೈಸುವಂತೆ ಇಟ್ಟ ಬಣ್ಣದ ಸೆಟ್ಟಿಂಗನ್ನು ತೆಗೆಸಿ ಸಿನಿಮಾ ಮೋಡ್‌ಗೆ ತಂದೆ. ಇರುಳಿನ ರಂಗಸ್ಥಳ, ಬಣ್ಣದ ವೇಷದ ಪ್ರವೇಶ. ಎದುರು ನಿಂತರೆ ವಿಎ ಪರದೆ ಸೊಗಸು. ಗೋಡೆಯ ಬದಿಗೆ ಸರಿದು, ನಮ್ಮಮ್ಮ ಕೂರುವ ಮೂಲೆಯ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕೂತೆ. ರಾಕ್ಷಸನ ಮುಖದ ಕೆಂಪು ಕುಂಕುಮ ತೊಳೆದ ನೀರಿನಂತಾಯಿತು. ಪಕ್ಕದ ಮಿನಿ ಎಲ್‌ಇಡಿಯಲ್ಲಿ ಹೊಳೆಯುವ ಕಿರೀಟದ ಸುತ್ತ ಮಬ್ಬು ಪ್ರಭಾವಳಿ. ಕಿರೀಟದ ಹಿಂದಿನ ದೀಪ ಸುತ್ತಲಿನ ಕತ್ತಲೆಯನ್ನೂ ಬೆಳಗುತ್ತಿತ್ತು. ಓಎಲ್‌ಇಡಿಯಲ್ಲಿ ಮಾತ್ರ ಕತ್ತಲು ಕತ್ತಲೇ, ಯಾವ ಮೂಲೆಯಿಂದ ನೋಡಿದರೂ. ಟಿವಿ ಮಾರುವ ಮೂವರು ಹುಡುಗರು ಗಿರಾಕಿಗಳನ್ನು ಬಿಟ್ಟು ಬಂದು ನಿಂತಿದ್ದರು.

ಹಾಗೆಂದು ನಿಮಗೆ ಓಎಲ್‌ಇಡಿ ಹೇಳುವುದಿಲ್ಲ. ಅದಕ್ಕೆ ಕಾರಣ ನಿಮ್ಮ ನ್ಯೂಸ್. ಓಎಲ್‌ಇಡಿಯ ಸಾವಯವ ವಸ್ತು ಉರಿದಷ್ಟೂ ಸವೆಯುತ್ತದೆ, ನೀಲಿ ಎಲ್ಲಕ್ಕಿಂತ ಬೇಗ. ನಮ್ಮ ವಾರ್ತಾ ವಾಹಿನಿಗಳಲ್ಲಿ ಮೂಲೆಯ ಲೋಗೋ, ಕೆಳಗಿನ ಕೆಂಪು ಪಟ್ಟಿ ದಿನವಿಡೀ ಕದಲುವುದಿಲ್ಲ. ದಿನಕ್ಕೆ ಏಳೆಂಟು ಗಂಟೆ ಅದೇ ಹಾಕಿಟ್ಟರೆ, ಕೆಲವು ವರ್ಷಗಳ ಮೇಲೆ ಅಪ್ಪನ ಯಕ್ಷಗಾನದ ಅಡಿಯಲ್ಲೂ ಬ್ರೇಕಿಂಗ್ ನ್ಯೂಸಿನ ಪ್ರೇತ ಕಾಣಬಹುದು. ಹಗಲಿನ ಬೆಳಕು ಚೆಲ್ಲುವ ಚಾವಡಿಯಲ್ಲಿ ಅದರ ಕಪ್ಪಿನ ವೈಭವವೂ ಅರ್ಧಕ್ಕರ್ಧ ಕಳೆದುಹೋಗುತ್ತದೆ. ನಿಮ್ಮ ಮನೆಗೆ ಬದಿಯಿಂದ ನೋಡಿದರೂ ಬಣ್ಣ ಕೆಡದ ಎಲ್‌ಸಿಡಿ ಸಾಕು, ಕ್ವಾಂಟಮ್ ಚುಕ್ಕೆ ಇದ್ದರೆ ಒಳ್ಳೆಯದು. 4ಕೆ ಬೇಕೇ? 43 ಇಂಚಿನ ಟಿವಿಯನ್ನು ಸುಮಾರು 1.7 ಮೀಟರಿಗಿಂತ ದೂರದಿಂದ ನೋಡಿದರೆ ಸಾಮಾನ್ಯ ಕಣ್ಣಿಗೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣದು. ನಿಮ್ಮ ಸೋಫಾ ಎಲ್ಲಿದೆ ಅಳೆಯಿರಿ.

ಇನ್ನು ವಾಸ್ತು. ಸುರತ್ಕಲ್‌ನ ಪರಿಚಿತರೊಬ್ಬರು ವಿದ್ಯುತ್ತಿನ ವಸ್ತು ಆಗ್ನೇಯದಲ್ಲೇ ಇರಬೇಕೆಂದು ಟಿವಿಯನ್ನು ಅಲ್ಲಿ ನೇತುಹಾಕಿದ್ದಾರೆ. ಎದುರಿಗೆ ಪಡುವಣ ಕಿಟಕಿ. ಸಂಜೆ ಐದಕ್ಕೆ ಕಡಲ ಕಡೆಯ ಸೂರ್ಯ ನೇರ ಪರದೆಗೆ ಬಡಿಯುತ್ತಾನೆ, ಮನೆಮಂದಿ ತಮ್ಮದೇ ಮುಖ ನೋಡಿಕೊಳ್ಳುತ್ತಾರೆ. ಅಗ್ನಿದೇವ ಸಂತುಷ್ಟ. ಮೂಲೆಗೆ "ರೇಡಿಯೇಷನ್ ತಡೆಯುವ" ಸ್ಟಿಕ್ಕರನ್ನೂ ಅಂಟಿಸಿದ್ದಾರೆ. ಎಲೆಕ್ಟ್ರಾನುಗಳನ್ನು ಗಾಜಿಗೆ ಹೊಡೆಯುತ್ತಿದ್ದ ಡಬ್ಬಿ ಟಿವಿಯ ಕಾಲದ ಭಯ ಅದು. ಚಪ್ಪಟೆ ಟಿವಿಯಲ್ಲಿ ಆ ಬಂದೂಕೇ ಇಲ್ಲ.

ಆದರೆ ಹಿರಿಯರ ಒಂದು ಗದರಿಕೆಗೆ ನಾನು ತಲೆಬಾಗುತ್ತೇನೆ. "ಗುಡುಗುತ್ತದೆ, ಟಿವಿಯ ಪಿನ್ನು ತೆಗಿ!" ಏಪ್ರಿಲ್, ಮೇಯಲ್ಲಿ ಮತ್ತು ಅಕ್ಟೋಬರಿನಲ್ಲಿ ಕರಾವಳಿಯ ಮಿಂಚಿಗೆ ಈ ಮಾತು ಅಪ್ಪಟ ವಿಜ್ಞಾನ. ಎಷ್ಟೋ ಜನ ಗೋಡೆಯ ಪಿನ್ನು ತೆಗೆದು ನೆಮ್ಮದಿಯಾಗಿರುತ್ತಾರೆ, ತಾರಸಿಯ ಡಿಶ್ಶಿನಿಂದ ಬರುವ ಕೇಬಲ್ ಹಾಗೆಯೇ ಇರುತ್ತದೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅದೂ ಒಂದು ದಾರಿಯೇ. ಮೇ ತಿಂಗಳ ಮೊದಲ ಮಳೆಗೆ ಟಿವಿ ಸತ್ತಿತು ಅಂದಿರಲ್ಲ, ಆ ಸಂಜೆ ಕೇಬಲ್ ಕಳಚಿದ್ದಿರಾ?