ಪಿಯುಸಿ ವಯಸ್ಸಿನಾಗ ಇಂಗ್ಲೆಂಡಿನ ಮಕ್ಕಳು ಏನು ಓದ್ತಾರ?

ಕಲ್ಮಲದಿಂದ ರಾಯಚೂರಿಗೆ ಬಸ್ ಹತ್ತೋ ಪಿಯುಸಿ ಮಕ್ಕಳು ಎಷ್ಟು ವಿಷಯ ಓದ್ತಾರ್ರಿ? ಎರಡು ಭಾಷೆ, ನಾಲ್ಕು ಐಚ್ಛಿಕ, ಒಟ್ಟು ಆರು. ಅದೇ ವಯಸ್ಸಿನ ಇಂಗ್ಲೆಂಡಿನ ಹುಡುಗಿ ಸಾಮಾನ್ಯವಾಗಿ ಓದೋದು ಮೂರೇ ಮೂರು!

16ನೇ ವಯಸ್ಸಿಗೆ ಅಲ್ಲಿ ಜಿಸಿಎಸ್‌ಇ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದಂಗ. ಆಮ್ಯಾಲ ಎರಡು ವರ್ಷ ಎ-ಲೆವೆಲ್. ಗಣಿತ, ಇತಿಹಾಸ, ಜೀವಶಾಸ್ತ್ರ ಮೂರನ್ನೂ ಕೂಡಿಸಿ ತಗೋಬಹುದು. ಸೈನ್ಸ್‌ನವರು, ಆರ್ಟ್ಸ್‌ನವರು ಅಂತ ನಡುವೆ ಗೋಡೆ ಇಲ್ಲ. ನಮ್ಮ ಮಕ್ಕಳಿಗೂ ಇಂಥದ್ದು ಸಿಗಬೇಕು ಅಂತ ನನಗ ಬಾಳ ಅನಸ್ತದ. ಕೈಕೆಲಸ ಕಲಿಯೋರಿಗೆ ಸಂಬಳದ ಜೊತೆ ಅಪ್ರೆಂಟಿಸ್‌ಶಿಪ್ ಐತಿ.

ಮುಂದ ಡಿಗ್ರಿ. ಇಂಗ್ಲೆಂಡಿನಾಗ ಹೆಚ್ಚಾಗಿ ಮೂರು ವರ್ಷ, ಸ್ಕಾಟ್ಲೆಂಡಿನಾಗ ನಾಲ್ಕು. ಅರ್ಜಿ ಹಾಕೋದು ಯುಕಾಸ್ ಅನ್ನೋ ಒಂದೇ ಕಡೆ. ಎಂಎ, ಎಂಎಸ್ಸಿ ಬಹುತೇಕ ಒಂದೇ ವರ್ಷ.

ನಮಗೂ ಇಂಗ್ಲೆಂಡಿನ ಓದಿಗೂ ಹಳೇ ನಂಟದ. 1857ರಾಗ ಮುಂಬೈ, ಮದ್ರಾಸ್, ಕಲ್ಕತ್ತಾ ವಿಶ್ವವಿದ್ಯಾಲಯ ಕಟ್ಟಿದ್ದು ಲಂಡನ್ ವಿಶ್ವವಿದ್ಯಾಲಯದ ಮಾದರಿಯಾಗ: ಪಾಠ ಕಾಲೇಜಿಂದು, ಪರೀಕ್ಷೆ ವಿಶ್ವವಿದ್ಯಾಲಯದ್ದು. ದೇವದುರ್ಗ, ಮಾನ್ವಿ ಡಿಗ್ರಿ ಕಾಲೇಜುಗಳು ಇವತ್ತಿಗೂ ಇದೇ ಪದ್ಧತಿಯಾಗ ನಡೀತಾವ. ನಿಜಾಮರ ಹೈದರಾಬಾದಿನಾಗ ಮಾತ್ರ 1918ರಾಗ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು, ಅಲ್ಲಿ ಪಾಠ ಉರ್ದುದಾಗ.

ಬ್ರಿಟನ್ನಿಗೆ ಹೋಗಿ ಓದಾಕ ರೊಕ್ಕದ ಚಿಂತಿ ಐತೇನು? ಬ್ರಿಟನ್ ಸರ್ಕಾರದ ಚೀವ್‌ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಫೀಸು, ವಿಮಾನದ ಖರ್ಚು, ಊಟ-ವಸತಿ ನೋಡಿಕೊಳ್ತದ. ಡಿಗ್ರಿ ಇರಬೇಕು, ಎರಡು ವರ್ಷ ಕೆಲಸ ಮಾಡಿರಬೇಕು. ಓದು ಮುಗಿದ ಮ್ಯಾಲ ಎರಡು ವರ್ಷ ಸ್ವದೇಶದಾಗ ಇರಬೇಕು.