‘ನೀವು ನೀವೇನಾ?’ ಫೋನ್ ಪರೀಕ್ಷೆಯಲ್ಲಿ ಫೇಲಾಗುವ ಗಡಿ ಗ್ರಾಹಕರು

ಹೊಸೂರು: ಕಾರ್ಡು ಜೇಬಿನಲ್ಲೇ ಇದೆ. ಬಿಲ್ಲು ತಿಂಗಳು ತಿಂಗಳು ಕಟ್ಟಿಯಾಗಿದೆ. ಆದರೆ ಒಂದು ದಿನ ಅನುಮಾನದ ಖರ್ಚೊಂದು ಕಂಡು ಸಹಾಯವಾಣಿಗೆ ಫೋನ್ ಮಾಡಿದರೆ, ‘ಸಾರಿ ಸರ್, ನಿಮ್ಮ ವಿವರ ತಾಳೆಯಾಗ್ತಿಲ್ಲ’ ಎಂಬ ಉತ್ತರ. ಹೆಸರು ಹೇಳಿದ್ದಾಯ್ತು, ಹುಟ್ಟಿದ ತಾರೀಖು ಹೇಳಿದ್ದಾಯ್ತು, ಅಮ್ಮನ ಹೆಸರೂ ಹೇಳಿದ್ದಾಯ್ತು. ಆ ಕಡೆಯವರಿಗೆ ಮಾತ್ರ ನಂಬಿಕೆಯಿಲ್ಲ. ತನ್ನ ದುಡ್ಡಿಗೆ ತಾನೇ ಅಪರಿಚಿತನಾಗುವ ಈ ಪಜೀತಿ ಕ್ರೆಡಿಟ್ ಕಾರ್ಡ್ ಇರುವ ಎಲ್ಲ ಊರಲ್ಲೂ ಉಂಟು. ನಾಲ್ಕೈದು ಭಾಷೆ, ಎರಡು ರಾಜ್ಯ, ಎರಡು ವಿಳಾಸಗಳ ನಡುವೆ ಬದುಕುವ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಅದಕ್ಕೆ ಕಾರಣಗಳು ಇನ್ನಷ್ಟು ಹೆಚ್ಚು.

ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 2024ರ ಫೆಬ್ರುವರಿಯಲ್ಲಿ 10 ಕೋಟಿ ದಾಟಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ನಂಥ ಕಾರ್ಖಾನೆಗಳಿರುವ ಹೊಸೂರಿನಲ್ಲಿ ಸಂಬಳದ ಖಾತೆ ಇದ್ದವರಿಗೆಲ್ಲ ಕಾರ್ಡ್ ಮಾರುವವರ ಕಾಟ ಹೊಸದಲ್ಲ. ಕಾರ್ಡು ಕೊಡುವಾಗ ಮನೆ ಬಾಗಿಲಿಗೆ ಬರುವ ಕಂಪನಿ, ತೊಂದರೆಯಾದಾಗ ಸಿಗುವುದು ಫೋನಿನಲ್ಲಿ ಮಾತ್ರ. ಫೋನಿನಲ್ಲಿ ಮುಖ ಕಾಣುವುದಿಲ್ಲ. ಹೀಗಾಗಿ ಅರ್ಜಿಯಲ್ಲಿ ಬರೆದದ್ದಕ್ಕೂ ಬಾಯಲ್ಲಿ ಹೇಳಿದ್ದಕ್ಕೂ ಅಕ್ಷರ ಅಕ್ಷರ ಹೊಂದಬೇಕು.

ಇನಿಷಿಯಲ್ ಎಂಬ ಮೊದಲ ಮುಳ್ಳು

ಈ ಭಾಗದವರಿಗೆ ಸರ್‌ನೇಮ್ ಎಂಬುದೇ ಇಲ್ಲ. ಹೆಸರಿನ ಹಿಂದೋ ಮುಂದೋ ಒಂದು ಇನಿಷಿಯಲ್, ಅಷ್ಟೇ. ತಮಿಳುನಾಡಿನ ಪದ್ಧತಿಯಲ್ಲಿ ಅದು ಸಾಮಾನ್ಯವಾಗಿ ಅಪ್ಪನ ಹೆಸರು. ಕರ್ನಾಟಕದ ಕಡೆಯ ಮನೆತನಗಳಲ್ಲಿ ಊರಿನ ಹೆಸರಿನ ಅಕ್ಷರವೂ ಸೇರಿಕೊಳ್ಳುತ್ತದೆ. ಆದರೆ ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಉದಾಹರಣೆಗೆ ವಿ. ಮುನಿರಾಜು ಎಂಬ ಹೆಸರನ್ನೇ ತಗೊಳ್ಳಿ. ಶಾಲೆಯ ಸರ್ಟಿಫಿಕೇಟಿನಲ್ಲಿ ವಿ. ಮುನಿರಾಜು, ಪ್ಯಾನ್‌ನಲ್ಲಿ ಮುನಿರಾಜು ವೆಂಕಟಪ್ಪ, ಕ್ರೆಡಿಟ್ ಕಾರ್ಡಿನ ಮೇಲೆ ಮುನಿರಾಜ್ ವಿ. ಸಹಾಯವಾಣಿಯ ಹುಡುಗ ‘ವೆಂಕಟಪ್ಪ ಅವರಾ ಮಾತಾಡ್ತಿರೋದು?’ ಎಂದು ಕೇಳಿದರೆ, ‘ಅಲ್ಲ, ಅದು ನಮ್ಮಪ್ಪ’ ಎಂಬುದೇ ಬಾಯಿಗೆ ಮೊದಲು ಬರುವ ಉತ್ತರ. ಪರೀಕ್ಷೆ ಅಲ್ಲಿಗೇ ಮುಗಿಯಿತು!

ತಾಯಿಯ ‘ಮದುವೆಗೆ ಮುಂಚಿನ ಹೆಸರು’ ಕೇಳುವುದು ಇನ್ನೊಂದು ತಮಾಷೆ. ಮದುವೆಯಾದ ಮೇಲೆ ಹೆಂಗಸರು ಗಂಡನ ಮನೆತನದ ಹೆಸರು ಇಟ್ಟುಕೊಳ್ಳುವ ದೇಶಗಳಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ಅಮ್ಮನ ಹೆಸರು ಹುಟ್ಟಿನಿಂದ ಕಡೆಯವರೆಗೆ ಲಕ್ಷ್ಮಮ್ಮ ಎಂದೇ ಇರುವ ಕಡೆ ಏನಂತ ಹೇಳೋದು? ಇಂಗ್ಲಿಷಿನಲ್ಲಿ ಅದೇ ಹೆಸರನ್ನು ನಾಲ್ಕು ಥರ ಬರೆಯಬಹುದು. ಕಾಗುಣಿತ ಕೇಳಿದರೆ ಯಾವುದನ್ನು ಹೇಳಬೇಕೆಂಬುದು ಅರ್ಜಿ ತುಂಬಿದವನಿಗೇ ಗೊತ್ತು.

ಹುಟ್ಟಿದ ತಾರೀಖಿನದೂ ಅದೇ ಪಾಡು. ಹಳ್ಳಿಗಳ ಹಿರಿಯರಲ್ಲಿ ಅನೇಕರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಹುಟ್ಟಿದ ದಿನ. ಮನೆಯಲ್ಲಿ ಲೆಕ್ಕವಿಟ್ಟ ದಿನ ಬೇರೆ. ಆಧಾರ್‌ನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಆದರೆ ಕಂಪ್ಯೂಟರು ದಾಕ್ಷಿಣ್ಯ ತೋರಿಸುವುದಿಲ್ಲ.

ಜಿಲ್ಲೆ ಬದಲು, ನಂಬರ್ ಬದಲು

ವಿಳಾಸದ ಗೊಂದಲಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾಯಿತು. 2004ರ ಫೆಬ್ರುವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಮನೆ ಇದ್ದಲ್ಲೇ ಇದೆ. ಕಾಗದದಲ್ಲಿ ಮಾತ್ರ ಜಿಲ್ಲೆ ಮೂರು. ಹಳೆಯ ದಾಖಲೆ ತೋರಿಸಿ ಖಾತೆ ತೆರೆದವರ ವಿವರದಲ್ಲಿ ಇನ್ನೂ ಧರ್ಮಪುರಿ ಇದ್ದರೆ ಆಶ್ಚರ್ಯವಿಲ್ಲ.

ಊರಿನ ಹೆಸರೂ ಅಷ್ಟೇ. ಕನ್ನಡದವರಿಗೆ ಹೊಸೂರು, ತಮಿಳಿನಲ್ಲಿ ಓಸೂರ್. ಒಬ್ಬರಿಗೆ ಡೆಂಕಣಿಕೋಟೆ, ಇನ್ನೊಬ್ಬರಿಗೆ ತೇನ್‌ಕನಿಕೋಟ್ಟೈ. ತಳಿ, ಬಾಗಲೂರು, ಕೆಲಮಂಗಲ, ಅಂಚೆಟ್ಟಿ ಕಡೆಯ ಮನೆಗಳಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ಮಾತಾಡುವವರು ಊರಿನ ಹೆಸರನ್ನು ತಮ್ಮ ತಮ್ಮ ನಾಲಿಗೆಯಂತೆ ಹೇಳುತ್ತಾರೆ. ದೂರದ ಯಾವುದೋ ನಗರದಲ್ಲಿ ಕೂತ ಸಿಬ್ಬಂದಿಗೆ ಇವೆರಡೂ ಒಂದೇ ಊರು ಅಂತ ಹೇಗೆ ತಿಳಿಯಬೇಕು?

ಇದರ ಮೇಲೆ ಗಡಿಯ ಸಮಸ್ಯೆ. ಹೊಸೂರಿನಲ್ಲಿ ಮನೆ, ಬೊಮ್ಮಸಂದ್ರದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸ ಎಂಬುದು ಇಲ್ಲಿ ಸಾಮಾನ್ಯ. ಕಾರ್ಡು ತಗೊಳ್ಳುವಾಗ ಚಂದಾಪುರದ ಬಾಡಿಗೆ ರೂಮಿನ ವಿಳಾಸ ಕೊಟ್ಟು, ಆಮೇಲೆ ಊರಿಗೆ ವಾಪಸಾದವರು ಪಿನ್‌ಕೋಡ್ ಕೇಳಿದಾಗ ಹೊಸೂರಿನದನ್ನು ಹೇಳುತ್ತಾರೆ. ಫೋನ್ ನಂಬರಿನದು ಇನ್ನೂ ಗಂಭೀರ. ಒಂದು ಟೆಲಿಕಾಂ ವೃತ್ತದಿಂದ ಇನ್ನೊಂದಕ್ಕೆ ಅದೇ ನಂಬರ್ ಒಯ್ಯುವ ಅವಕಾಶ ದೇಶದಲ್ಲಿ ಬಂದದ್ದು 2015ರ ಜುಲೈನಲ್ಲಿ. ಅದಕ್ಕೂ ಮುಂಚೆ ರೋಮಿಂಗ್ ಖರ್ಚು ತಪ್ಪಿಸಲು ಕರ್ನಾಟಕಕ್ಕೊಂದು, ತಮಿಳುನಾಡಿಗೊಂದು ಸಿಮ್ ಇಟ್ಟುಕೊಂಡವರಿದ್ದರು. ಕಾರ್ಡಿಗೆ ಕೊಟ್ಟ ನಂಬರಿಗೆ ರೀಚಾರ್ಜ್ ಮಾಡದೆ ಬಿಟ್ಟರೆ ಅದು ಕೆಲ ತಿಂಗಳಲ್ಲಿ ರದ್ದಾಗಿ, ಮುಂದೆ ಬೇರೆಯವರ ಪಾಲಾಗುತ್ತದೆ. ಒಟಿಪಿಯೂ ಅವರಿಗೇ ಹೋಗುತ್ತದೆ.

ಉತ್ತರ ಬರೆದವನು ಒಬ್ಬ

ಎಲ್ಲಕ್ಕಿಂತ ದೊಡ್ಡ ಕಾರಣ ಅರ್ಜಿ ತುಂಬುವ ರೀತಿ. ಕಾರ್ಡು ಮಾರುವ ಏಜೆಂಟರು ಗ್ರಾಹಕನಿಂದ ಸಹಿ, ಫೋಟೊ, ಜೆರಾಕ್ಸ್ ಮಾತ್ರ ತಗೊಂಡು ಉಳಿದದ್ದನ್ನು ತಾವೇ ತುಂಬಿಬಿಡುವುದುಂಟು. ಗೊತ್ತಿಲ್ಲದ ಕಡೆ ತೋಚಿದ್ದು ಗೀಚುತ್ತಾರೆ. ಪರೀಕ್ಷೆಯ ಉತ್ತರ ಬರೆದವನು ಒಬ್ಬ, ವರ್ಷಗಳ ಮೇಲೆ ಅದನ್ನೇ ಒಪ್ಪಿಸಬೇಕಾದವನು ಇನ್ನೊಬ್ಬ. ಫೇಲಾಗದೆ ಇನ್ನೇನಾಗುತ್ತದೆ?

ಹಾಗಂತ ಪರೀಕ್ಷೆಯೇ ಬೇಡ ಎನ್ನುವಂತಿಲ್ಲ. ಸಿಬ್ಬಂದಿ ‘ಪಾಪ, ಹಳ್ಳಿಯವರು’ ಎಂದು ಸಡಿಲ ಬಿಟ್ಟರೆ ನಾಳೆ ಕಳ್ಳನೂ ಅದೇ ರಾಗ ಎಳೆದು ವಿಳಾಸ ಬದಲಿಸಿ, ಹೊಸ ಕಾರ್ಡು ತರಿಸಿಕೊಳ್ಳುತ್ತಾನೆ. ಎಲ್ಲಿ ತಪ್ಪಾಯಿತು ಎಂದು ಅವರು ಹೇಳದಿರುವುದಕ್ಕೂ ಕಾರಣ ಅದೇ. ಹೇಳಿದರೆ ಕಳ್ಳನಿಗೆ ಪಾಠ ಹೇಳಿಕೊಟ್ಟ ಹಾಗೆ.

ಗಡಿಯಾರ ಓಡುತ್ತಿರುತ್ತದೆ

ಬರೀ ಬೇಜಾರಿನ ವಿಷಯವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಇಲ್ಲಿ ದುಡ್ಡಿನ ಪ್ರಶ್ನೆ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಅನಧಿಕೃತ ವ್ಯವಹಾರದ ನಷ್ಟ ಯಾರದ್ದು ಎಂಬುದನ್ನು ದಿನದ ಲೆಕ್ಕದಲ್ಲಿ ಹೇಳಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರದು ಎಂದಾದಾಗ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನದೊಳಗಾದರೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10 ಸಾವಿರ ರೂಪಾಯಿ, ಅದಕ್ಕೂ ಮೇಲಿನ ಮಿತಿಗೆ 25 ಸಾವಿರ ರೂಪಾಯಿ ಹೊರೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಒಟಿಪಿ, ಪಿನ್ ತಾನೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕನದು.

ಅಂದರೆ ಸಹಾಯವಾಣಿಯಲ್ಲಿ ಮೂರು ಸಲ ಫೇಲಾಗಿ, ‘ನೋಡೋಣ, ಸೋಮವಾರ ಮಾಡಿದರಾಯ್ತು’ ಎಂದು ಬಿಟ್ಟವನು ತನ್ನ ಹಕ್ಕನ್ನೇ ಕಳೆದುಕೊಳ್ಳಬಹುದು.

ಕಾರ್ಡು ಕಳೆದುಹೋದರೆ ತಿಳಿಸಿದ ಕೂಡಲೇ ಬ್ಲಾಕ್ ಮಾಡಬೇಕು, ಪೊಲೀಸ್ ದೂರು ಮುಂತಾದ ಉಳಿದ ವಿಧಿಗಳು ಆಮೇಲೆ ನಡೆಯಬಹುದು ಎಂದು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರ ನಿರ್ದೇಶನದಲ್ಲಿ ಹೇಳಿತು. ಬ್ಲಾಕ್ ಮಾಡಲು ಫೋನ್ ಒಂದೇ ಅಲ್ಲ, ಎಸ್ಸೆಮ್ಮೆಸ್, ಇ-ಮೇಲ್, ವೆಬ್‌ಸೈಟ್, ನೆಟ್ ಬ್ಯಾಂಕಿಂಗ್, ಮೊಬೈಲ್ ಆ್ಯಪ್ ಹೀಗೆ ಹಲವು ದಾರಿ ಕೊಡಬೇಕೆಂದೂ ಅದರಲ್ಲಿತ್ತು. ಆದ್ದರಿಂದ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತಟ್ಟಬೇಕು. ಇ-ಮೇಲ್, ಎಸ್ಸೆಮ್ಮೆಸ್‌ನಲ್ಲಿ ತಾರೀಖು, ಗಂಟೆ ತಾನಾಗಿ ದಾಖಲಾಗುತ್ತದೆ. ನಾಳೆ ವಾದ ಬಂದರೆ ಅದೇ ಸಾಕ್ಷಿ.

ಅವರನ್ನು ಪರೀಕ್ಷಿಸುವುದು ಯಾರು?

ಗ್ರಾಹಕ ಫೋನ್ ಮಾಡಿದರೆ ಹತ್ತು ಪ್ರಶ್ನೆ. ಅದೇ ‘ಬ್ಯಾಂಕಿನಿಂದ ಮಾತಾಡ್ತಿದೀವಿ’ ಎಂದು ಯಾರೋ ಫೋನ್ ಮಾಡಿದರೆ ನಮ್ಮವರು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ವಂಚಕರ ಬಂಡವಾಳ ಇದೇ. ಅವರೂ ‘ಸೆಕ್ಯುರಿಟಿಗಾಗಿ’ ಎಂದೇ ಹುಟ್ಟಿದ ತಾರೀಖು ಕೇಳಿ, ಕಡೆಗೆ ಒಟಿಪಿಗೆ ಬರುತ್ತಾರೆ. ಅಸಲಿ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಗಾಬರಿಯಾದವರು ಇಂಥ ನಕಲಿ ಪರೀಕ್ಷೆಗೆ ಬೇಗ ಉತ್ತರ ಕೊಟ್ಟುಬಿಡುವ ಅಪಾಯವಿದೆ.

ಈಗಾಗಲೇ ಗ್ರಾಹಕರಾಗಿರುವವರಿಗೆ ವ್ಯವಹಾರ, ಸೇವೆಯ ಕರೆ ಮಾಡಲು 1600ರಿಂದ ಶುರುವಾಗುವ ನಂಬರುಗಳನ್ನೇ ಬಳಸುವಂತೆ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಜಾಹೀರಾತಿನ ಕರೆಗೆ 140. ಮಾಮೂಲಿ ಹತ್ತು ಅಂಕಿಯ ಮೊಬೈಲಿನಿಂದ ‘ಬ್ಯಾಂಕ್ ಮ್ಯಾನೇಜರ್’ ಮಾತಾಡಿದರೆ ಫೋನ್ ಇಟ್ಟು, ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನಾವೇ ಮಾಡುವುದು ಕ್ಷೇಮ. ಇಂಟರ್‌ನೆಟ್ಟಿನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರನ್ನಂತೂ ನಂಬಲೇಬಾರದು. ಯಾವ ನಂಬರಿನಿಂದ ಬಂದರೂ ಒಟಿಪಿ, ಸಿವಿವಿ, ಪಿನ್ ಹೇಳುವಂತಿಲ್ಲ.

ಗ್ರಾಹಕರು ಮಾಡಬೇಕಾದ್ದು

* ತೊಂದರೆ ಬರುವ ಮುಂಚೆಯೇ, ಪುರುಸೊತ್ತಿನಲ್ಲಿ, ಕಾರ್ಡ್ ಕಂಪನಿಯ ದಾಖಲೆಯಲ್ಲಿ ಹೆಸರು, ಹುಟ್ಟಿದ ತಾರೀಖು, ವಿಳಾಸ, ಮೊಬೈಲ್ ನಂಬರ್ ಏನಿದೆ ಎಂದು ಆ್ಯಪ್‌ನಲ್ಲಿ ಅಥವಾ ಬಿಲ್ಲಿನಲ್ಲಿ ನೋಡಿ ಸರಿಪಡಿಸಿ.

* ಖಾಲಿ ಅರ್ಜಿಗೆ ಸಹಿ ಹಾಕಬೇಡಿ. ತುಂಬಿದ ಅರ್ಜಿಯ ಒಂದು ಪ್ರತಿ ಅಥವಾ ಫೋಟೊ ಇಟ್ಟುಕೊಳ್ಳಿ.

* ಸಿಮ್ ಬಿಡುವ ಮುಂಚೆ ಬ್ಯಾಂಕಿನಲ್ಲಿ ನಂಬರ್ ಬದಲಿಸಿ.

* ಫೋನಿನಲ್ಲಿ ಕನ್ನಡ ಅಥವಾ ತಮಿಳು ಆಯ್ಕೆ ಇದ್ದರೆ ಅದನ್ನೇ ಒತ್ತಿ. ಅರ್ಥವಾಗದ ಇಂಗ್ಲಿಷಿಗೆ ‘ಯೆಸ್ ಯೆಸ್’ ಎನ್ನಬೇಡಿ.

* ದುಡ್ಡು ಹೋಗಿದ್ದರೆ ಕಾರ್ಡ್ ಕಂಪನಿಯ ಜೊತೆಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕೂಡಲೇ ಫೋನ್ ಮಾಡಿ.

* ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಮೊರೆ ಹೋಗಬಹುದು. ಮಾಹಿತಿಗೆ 14448.

ಗಡಿಯವರಿಗೆ ಇದರಲ್ಲೊಂದು ಅನುಕೂಲವಿದೆ. 2006ರ ಯೋಜನೆಯಲ್ಲಿ ಕ್ರೆಡಿಟ್ ಕಾರ್ಡ್ ದೂರನ್ನು ಬಿಲ್ಲಿನ ವಿಳಾಸ ಯಾವ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಕೊಡಬೇಕಿತ್ತು. ಬೆಂಗಳೂರೋ ಚೆನ್ನೈಯೋ ಎಂಬ ಗೊಂದಲ. 2021ರ ನವೆಂಬರ್ 12ರಂದು ಜಾರಿಗೆ ಬಂದ ಏಕೀಕೃತ ಯೋಜನೆ ಈ ವ್ಯಾಪ್ತಿಯ ಗೆರೆಯನ್ನು ಅಳಿಸಿತು. ಹೊಸೂರಿನ ಮನೆಯಿಂದಲೇ, ಕಾರ್ಡು ಅತ್ತಿಬೆಲೆಯ ವಿಳಾಸದಲ್ಲಿದ್ದರೂ, ದೂರು ಕೊಡಬಹುದಾಯಿತು.

ಇನಿಷಿಯಲ್ಲು, ಜಿಲ್ಲೆ, ಊರಿನ ಎರಡು ಹೆಸರು ಇವುಗಳಲ್ಲಿ ಗ್ರಾಹಕನ ತಪ್ಪೇನೂ ಇಲ್ಲ. ಇದನ್ನು ಅರ್ಥ ಮಾಡಿಕೊಂಡು ಪ್ರಶ್ನೆ ಕೇಳುವ ಹೊಣೆ ಕಂಪನಿಗಳದು. ಅಲ್ಲಿಯವರೆಗೆ ಪ್ಯಾನ್, ಆಧಾರ್, ಕಾರ್ಡು ಮೂರನ್ನೂ ಒಮ್ಮೆ ಮುಂದಿಟ್ಟುಕೊಂಡು ತಾಳೆ ನೋಡುವುದು ಒಳ್ಳೆಯದು. ಅರ್ಧ ಗಂಟೆಯ ಕೆಲಸ.